ತಾಯಿಗೆ ಒಂಬತ್ತು ಸಾಲು

ಜೂನ್ ೧೪

ಪುಟ್ಟಿ,

ಮೊದಲು ‘ಮಾನ್ಯ ನಾಟಕಕಾರರಿಗೆ’ ಎಂದು ಬರೆದು ಆ ಹಾಳೆ ಹರಿದುಹಾಕಿದೆ. ಆಮೇಲೆ ‘ಪ್ರೀತಿಯ’ ಎಂದು ಬರೆದು ಅದನ್ನೂ ಹರಿದೆ. ಇದು ಮೂರನೆಯದು. ಫೋನ್ ಮಾಡಿದರೆ ಎತ್ತುವುದಿಲ್ಲ ಎಂದು ಆರು ವರ್ಷದ ಹಿಂದೆ ನೀನು ಹೇಳಿದ್ದೆ. ಕಾಗದದ ಬಗ್ಗೆ ಏನೂ ಹೇಳಿರಲಿಲ್ಲ. ವಿಳಾಸ ನಿನ್ನ ಪುಸ್ತಕದ ಹಿಂಬದಿಯಲ್ಲೇ ಇತ್ತು.

ವಿಷಯ ಇಷ್ಟೇ. ಈ ವರ್ಷದಿಂದ ನಿನ್ನ ಹಾಡಿನ ನಾಟಕ ‘ಅಗುಳಿ’ಯನ್ನು ಹತ್ತನೇ ತರಗತಿಗೆ ಪಠ್ಯವಾಗಿ ಇಟ್ಟಿದ್ದಾರೆ. ಹತ್ತನೇ ತರಗತಿಯ ಭಾಷಾ ಪಾಠ ನನ್ನದು. ನಲವತ್ತೆರಡು ಹುಡುಗಿಯರು. ಬೇರೆಯವರಿಗೆ ದಾಟಿಸೋಣವೆಂದರೆ ಇನ್ನೊಬ್ಬ ಭಾಷಾ ಶಿಕ್ಷಕಿ ಹೆರಿಗೆ ರಜೆಯಲ್ಲಿದ್ದಾಳೆ. ಅಡಕತ್ತರಿಯಲ್ಲಿ ಸಿಕ್ಕಿದ್ದೇನೆ ಅಂತಿಟ್ಟುಕೊ.

ನಾಟಕವನ್ನು ನಾನು ರಂಗದ ಮೇಲೆ ನೋಡಿಲ್ಲ. ಮೊನ್ನೆ ಸ್ಟಾಫ್ ರೂಮಿನಲ್ಲಿ ಕೂತು ಓದಿದೆ, ಟೀ ಆರಿ ಕೆನೆಗಟ್ಟುವವರೆಗೆ. ಕಾಯಿಲೆ ಬಿದ್ದ ತಾಯಿ. ಅವಳ ಜೊತೆಗಿರುವ ದೊಡ್ಡ ಮಗಳು. ತಾಯಿಯನ್ನು ನೋಡಲು ದೂರದಿಂದ ಓಡಿಬರುವ ಚಿಕ್ಕ ಮಗಳು, ಹಾಡುಗಾರ್ತಿ. ಅಕ್ಕ ಬಾಗಿಲಿಗೆ ಅಗುಳಿ ಹಾಕಿ ತಂಗಿಯನ್ನು ಮೆಟ್ಟಿಲ ಮೇಲೇ ನಿಲ್ಲಿಸುತ್ತಾಳೆ. ತಾಯಿ ಸಾಯುತ್ತಾಳೆ. ತಂಗಿ ಹಾಡುತ್ತ ಮೆಟ್ಟಿಲಿಳಿಯುತ್ತಾಳೆ. ಅಲ್ಲಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರಂತೆ, ನಮ್ಮ ಗಣಿತದ ಶಿಕ್ಷಕಿ ಎರಡು ಸಲ ನೋಡಿ ಎರಡು ಸಲವೂ ಅತ್ತಳಂತೆ. “ಆ ಅಕ್ಕನ್ನ ಕೈಗೆ ಸಿಕ್ರೆ ಕೂದಲು ಹಿಡ್ಕೊಂಡು ಕೇಳ್ಬೇಕು ಅನ್ಸುತ್ತೆ” ಎಂದಳು. ನಾನು ಹೌದು ಎಂದೆ. ನಾಟಕಕಾರ್ತಿ ನನ್ನ ತಂಗಿ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಮಕ್ಕಳಿಗೆ ಎರಡು ಕೆಲಸ ಕಲಿಸಬೇಕು. ಒಂದು, ನಾಟಕದ ಪದಗಳನ್ನು ಆರಿಸಿ ಅರ್ಥ ಹೇಳುವುದು. ಎರಡು, ಆಶಯ ಗುರುತಿಸುವುದು. ಪದಗಳನ್ನು ನಾನು ನೋಡಿಕೊಳ್ಳುತ್ತೇನೆ. ಆಶಯ ಏನೆಂದು ಬರೆದವಳೇ ಹೇಳಿದರೆ ಒಳ್ಳೆಯದು. ಪರೀಕ್ಷೆಗೆ ಬರುತ್ತದೆ.

ಅಕ್ಕ


ಜುಲೈ ೨

ಅಕ್ಕ,

ಕಾಗದದ ಮೇಲೆ ನಿನ್ನ ದುಂಡು ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು. ಒಡೆಯದೆ ನಾಲ್ಕು ದಿನ ಇಟ್ಟಿದ್ದೆ.

ನಾಟಕವನ್ನು ಪಠ್ಯದಿಂದ ತೆಗೆಸು ಎಂದು ನೀನು ಸುತ್ತಿ ಬಳಸಿ ಕೇಳುತ್ತಿದ್ದರೆ, ಅದು ನನ್ನ ಕೈಯಲ್ಲಿಲ್ಲ. ನಾನಾಗಿ ಅವರ ಬಾಗಿಲಿಗೆ ಹೋಗಲಿಲ್ಲ, ಅವರೇ ಬಂದರು. ನಾಲ್ಕು ವರ್ಷದಲ್ಲಿ ಇನ್ನೂರು ಪ್ರದರ್ಶನ ಆದ ನಾಟಕ. ಕಂಪನಿಯ ಹನ್ನೊಂದು ಜನರ ಹೊಟ್ಟೆ ಅದರಿಂದಲೇ ತುಂಬುತ್ತಿದೆ. ತಾಲೀಮಿನ ಕೋಣೆಯ ಮಾಡು ಸೋರುತ್ತಿದ್ದದ್ದು ನಿಂತಿದೆ. ಈಗ ಮೇಲಿನ ಕೋಣೆಯಲ್ಲಿ ನಾನು, ಕೆಳಗೆ ಉಡುಪಿನ ಪೆಟ್ಟಿಗೆಗಳು.

ನಾಟಕ ನಾಟಕವೇ. ಅಕ್ಕಂದಿರು ಊರಿಗೆ ನೂರು ಜನ ಇರುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ನೀನು ಹೆಗಲು ಮುಟ್ಟಿ ನೋಡಿಕೊಳ್ಳಬೇಡ.

ಆಶಯ ಕೇಳಿದ್ದೀಯ. ಪಠ್ಯಪುಸ್ತಕದವರೂ ಕೇಳಿದ್ದರು, ಶಿಕ್ಷಕರ ಕೈಪಿಡಿಗೆ ಬೇಕೆಂದು. ಒಂದು ಸಾಲು ಬರೆದುಕೊಟ್ಟಿದ್ದೇನೆ: ‘ಅಕ್ಕನ ಅಸೂಯೆಯಿಂದ ಒಂದು ಮನೆ ಒಡೆದ ಕಥೆ.’ ಅದನ್ನೇ ಹೇಳಿಕೊಡು.

ನಿನ್ನ ಮಂಡಿನೋವು ಹೇಗಿದೆ?

ಪುಟ್ಟಿ


ಜುಲೈ ೨೫

ಪುಟ್ಟಿ,

ಮಂಡಿ ಹಾಗೇ ಇದೆ. ನಮ್ಮ ತರಗತಿ ಎರಡನೇ ಮಹಡಿಯಲ್ಲಿದೆ.

ಪಾಠ ಶುರುವಾಗಿದೆ. ನಿನಗೆ ನಗು ಬರಲಿ ಎಂದು ಎರಡು ಮಾತು. ‘ಅಗುಳಿ’ಗೆ ಅರ್ಥ ಬರೆಯಿರಿ ಎಂದರೆ ಆರು ಜನ ‘ಅನ್ನದ ಕಾಳು’ ಎಂದು ಬರೆದಿದ್ದರು. “ಅದು ಅಗುಳು ಕಣ್ರೇ! ಹಾಗಾದ್ರೆ ಅಕ್ಕ ಬಾಗಿಲಿಗೆ ಅನ್ನ ಮೆತ್ತಿದ್ಳಾ?” ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬಳು ಆಶಯದ ಪ್ರಶ್ನೆಗೆ ‘ಅಕ್ಕನ ಮನಸ್ಸಿನಲ್ಲಿ ಮತ್ಸ್ಯ ತುಂಬಿತ್ತು’ ಎಂದು ಬರೆದಳು. ಮತ್ಸರ ಎನ್ನಲು ಹೋಗಿದ್ದಳು ಪಾಪ. ನಾನು ಕೆಂಪು ಶಾಯಿಯಲ್ಲಿ ತಿದ್ದಿದೆ. ಮೀನೇ ವಾಸಿ ಎಂದು ಒಂದು ಗಳಿಗೆ ಅನ್ನಿಸಿತು.

ಪದಪಾಠಕ್ಕೆ ನನ್ನದೊಂದು ಕ್ರಮವಿದೆ. ಹಲಗೆಯ ಮೇಲೆ ಮೂರು ಕಂಬಸಾಲು ಎಳೆಯುತ್ತೇನೆ: ಪದ, ಅರ್ಥ, ಯಾರ ಬಾಯಲ್ಲಿ. ನಾಟಕದ ಪದ ನಿಘಂಟಿನ ಪದದ ಹಾಗಲ್ಲ, ಅದು ಯಾವಾಗಲೂ ಯಾರದೋ ಬಾಯಲ್ಲಿರುತ್ತದೆ ಎಂದು ಹೇಳುತ್ತೇನೆ. ಹುಡುಗಿಯರು ನಾಟಕವನ್ನು ಹಾಗೆ ಹೆಕ್ಕಿ ಹೆಕ್ಕಿ ಓದುತ್ತಿದ್ದಾರೆ. ತಂಗಿಯ ಬಾಯಲ್ಲಿ ತಟ್ಟು, ಕರೆ, ತೆರೆ. ಅಕ್ಕನ ಬಾಯಲ್ಲಿ ನನ್ನದು, ನನಗೇ, ನಾನೇ.

ಅಕ್ಕನ ಆ ಹಾಡು ಎಲ್ಲರಿಗೂ ಬಾಯಿಪಾಠವಾಗಿದೆ. ಮಧ್ಯಾಹ್ನ ಕೈ ತೊಳೆಯುವ ನಲ್ಲಿಯ ಹತ್ತಿರ ಸಾಲುಗಟ್ಟಿ ನಿಂತು ಹಾಡುತ್ತಾರೆ:

ಹಾಡು ನಿನಗೆ ಕೊಟ್ಟಳು, ಕೆಮ್ಮು ನನಗೆ ಬಿಟ್ಟಳು,
ಕೊನೆಯ ಉಸಿರು ಒಂದಾದರೂ ನನ್ನದಾಗಲಿ ಬಿಡು.

ಈ ಸಾಲು ನಿನಗೆ ಎಲ್ಲಿಂದ ಬಂತು? ಕೇಳಬಾರದೇನೋ. ಬಿಡು. ಶಾಲೆಯ ವಾರ್ಷಿಕ ದಿನಕ್ಕೆ ನಾಟಕದ ಒಂದು ದೃಶ್ಯ ಆಡಿಸಬೇಕು, ಶಿಕ್ಷಕಿಯರೇ ಪಾತ್ರ ಮಾಡಲಿ ಎಂದು ದೊಡ್ಡ ಮಿಸ್ ಹೇಳಿದ್ದಾರೆ. “ಅಕ್ಕನ ಪಾತ್ರಕ್ಕೆ ನಿಮ್ಮ ಮುಖ ಹೇಳಿ ಮಾಡ್ಸಿದ ಹಾಗಿದೆ” ಎಂದರು ನನಗೆ. ಮಂಡಿನೋವೆಂದು ತಪ್ಪಿಸಿಕೊಂಡೆ.

ಒಬ್ಬ ಹುಡುಗಿಯಿದ್ದಾಳೆ. ಎಲ್ಲದಕ್ಕೂ ಯಾಕೆ ಎಂದು ಕೇಳಿ ಕೇಳಿ ಯಾಕಮ್ಮ ಎಂದೇ ಹೆಸರಾಗಿದೆ. ತಾಯಿ ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ. ರಜೆಯಲ್ಲಿ ಇವಳೂ ಹೋಗುತ್ತಾಳೆ, ಮುಂಗೈ ಮೇಲೆ ಸುಟ್ಟ ಕಲೆಯಿದೆ. ಪ್ರಶ್ನೆ ಬರುವ ಮುಂಚೆ ಪೆನ್ನಿನ ಮುಚ್ಚಳವನ್ನು ಹಲ್ಲಿಗೆ ತಟ್ಟಿಕೊಳ್ಳುತ್ತಾಳೆ. ಮೊನ್ನೆ ತಟ್ಟಿದಳು.

“ಮಿಸ್, ಅಕ್ಕನಿಗೆ ಯಾಕೆ ಹೊಟ್ಟೆಕಿಚ್ಚು?”

“ತಂಗಿ ಚೆನ್ನಾಗಿ ಹಾಡ್ತಾಳಲ್ಲ, ಅದಕ್ಕೆ.”

“ಹಾಡೋರನ್ನ ಕಂಡ್ರೆ ಎಲ್ರಿಗೂ ಹೊಟ್ಟೆ ಉರಿಯುತ್ತಾ?”

“ಎಲ್ರಿಗೂ ಇಲ್ಲ. ಈ ಅಕ್ಕನಿಗೆ ಉರೀತು.”

“ಅದೇ ಮಿಸ್, ಯಾಕೆ?”

ಪುಣ್ಯಕ್ಕೆ ಗಂಟೆ ಹೊಡೆಯಿತು.

ಅಕ್ಕ


ಆಗಸ್ಟ್ ೧೯

ಪುಟ್ಟಿ,

ನೀನು ಉತ್ತರ ಬರೆದಿಲ್ಲ. ಪ್ರವಾಸದಲ್ಲಿರಬಹುದು. ಆದರೂ ಇದನ್ನು ಬರೆಯದೆ ಇರಲಾರೆ.

ಇವತ್ತು ಮಕ್ಕಳ ಪಟ್ಟಿಗಳನ್ನು ನೋಡುತ್ತಿದ್ದೆ. ಎಲ್ಲರೂ ಅಕ್ಕ ತಂಗಿಯರ ಪದಗಳನ್ನು ಗುಡ್ಡೆ ಹಾಕಿದ್ದಾರೆ. ಯಾಕಮ್ಮ ಒಬ್ಬಳೇ ತಾಯಿಯ ಪದ ಬರೆದಿದ್ದಾಳೆ. ತಾಯಿ ಪರದೆಯ ಹಿಂದಿನಿಂದ ಹಾಡುವುದು ಒಟ್ಟು ಒಂಬತ್ತೇ ಸಾಲು, ಅವಳ ಕಡೆ ಯಾರ ಗಮನವೂ ಹೋಗುವುದಿಲ್ಲ. ಇವಳು ಆ ಒಂಬತ್ತು ಸಾಲಿನ ಕ್ರಿಯಾಪದಗಳನ್ನೆಲ್ಲ ಒಂದರ ಕೆಳಗೊಂದು ಬರೆದಿದ್ದಳು. ತಿರುಗಿಸು. ಹೊದಿಸು. ಇಳಿಸು. ಮುಚ್ಚು. ಆರಿಸು. ಕೇಳದಿರು. ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ: ‘ತೆರೆ ಎಂಬ ಪದ ತಾಯಿಯ ಬಾಯಲ್ಲಿ ಇಲ್ಲ.’

ಕರೆದು ಕೇಳಿದೆ. ಪೆನ್ನಿನ ಮುಚ್ಚಳ ತಟ್ಟಿಕೊಂಡು ಹೇಳಿದಳು: “ಮಿಸ್, ಮಗಳು ಹೊರಗೆ ನಿಂತು ಅಷ್ಟೊಂದು ಕೂಗ್ತಾಳೆ. ತಾಯಿಗೆ ಕೇಳ್ಸುತ್ತೆ ತಾನೇ? ಅವಳ ಮಂಚ ಕಿಟಕಿ ಪಕ್ಕದಲ್ಲೇ ಇದೆ. ಅವಳು ‘ಬಾಗಿಲಲ್ಲಿ ಯಾರೆಂದು ಕೇಳದಿರು’ ಅಂತಾಳೆ. ತೆಗಿ ಅಂತ ಒಂದ್ ಸಲಾನೂ ಅನ್ನಲ್ಲ. ನಮ್ಮಮ್ಮ ಆಗಿದ್ರೆ ಮಂಚದಿಂದ ಬಿದ್ದಾದ್ರೂ ಬಂದು ತೆಗೀತಿದ್ಲು.”

“ಅದಕ್ಕೆ?”

“ಅದಕ್ಕೆ, ಬಾಗಿಲು ಹಾಕ್ಸಿದ್ದು ತಾಯೀನೇ ಅನ್ಸುತ್ತೆ. ಅಕ್ಕ ಸುಮ್ನೆ ಬೈಸಿಕೊಳ್ತಿದಾಳೆ.”

ನಾನು ಅವಳನ್ನು ಕಳಿಸಿಬಿಟ್ಟು ಸ್ಟಾಫ್ ರೂಮಿಗೆ ಹೋಗದೆ ಪ್ರಯೋಗಾಲಯದ ಪಕ್ಕದ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ನಿನ್ನನ್ನು ಒಂದೇ ಮಾತು ಕೇಳುತ್ತೇನೆ, ಶಿಕ್ಷಕಿಯಾಗಿ ಕೇಳುತ್ತಿದ್ದೇನೆ ಎಂದುಕೊ. ತಾಯಿಯ ಬಾಯಲ್ಲಿ ಆ ಪದ ನೀನು ಯಾಕೆ ಇಡಲಿಲ್ಲ?

ಅಕ್ಕ


ಸೆಪ್ಟೆಂಬರ್ ೩೦

ಅಕ್ಕ,

ಮಕ್ಕಳನ್ನು ಮುಂದೆ ಬಿಟ್ಟು ಹಿಂದೆ ನಿಂತು ಮಾತಾಡುವುದು ನಿನಗೆ ಶೋಭಿಸುವುದಿಲ್ಲ.

ಹದಿನೈದು ವರ್ಷದ ಹುಡುಗಿ ತಾನಾಗಿ ಇದನ್ನು ಕಂಡುಹಿಡಿದಳು ಎಂದರೆ ನಂಬಲು ನಾನೇನು ಕಿವಿಯಲ್ಲಿ ಹೂವಿಟ್ಟುಕೊಂಡಿಲ್ಲ. ನೀನು ಹೇಳಿಕೊಟ್ಟೆ, ಅವಳು ಒಪ್ಪಿಸಿದಳು. ಆರು ವರ್ಷ ಸುಮ್ಮನಿದ್ದವಳು ಈಗ ನಲವತ್ತೆರಡು ಹುಡುಗಿಯರನ್ನು ಕಟಕಟೆಯಲ್ಲಿ ನಿಲ್ಲಿಸಿ ನಿನ್ನ ಪರ ಸಾಕ್ಷಿ ಹೇಳಿಸುತ್ತಿದ್ದೀಯ.

ಮೆಟ್ಟಿಲ ಮೇಲೆ ನಾಲ್ಕು ಗಂಟೆ ನಿಂತಿದ್ದವಳು ನಾನು. ಎರಡು ಬಸ್ಸು, ಒಂದು ರೈಲು ಬದಲಿಸಿ ಬಂದಿದ್ದೆ. ಎದುರುಮನೆಯ ಹೆಂಗಸು ನೀರು ತಂದುಕೊಟ್ಟಳು. ನೀನು ಕೊಡಲಿಲ್ಲ. ಕಿಟಕಿಯ ಪರದೆಯ ಸಂದಿನಲ್ಲಿ ನಿನ್ನ ಸೆರಗು ಕಂಡಿತ್ತು. ಅಷ್ಟು ಹತ್ತಿರವಿದ್ದೆ. ಆಮೇಲೆ ಹನ್ನೆರಡು ದಿನಕ್ಕೆ ‘ಎಲ್ಲ ಮುಗಿಯಿತು’ ಎಂದು ಎರಡು ಪದದ ತಂತಿಯ ಹಾಗೆ ಫೋನ್ ಮಾಡಿದೆ.

ಯಾಕೆ ಇಡಲಿಲ್ಲ ಎಂದು ಕೇಳುತ್ತೀಯ. ರಾಗಕ್ಕೆ ಕೂಡಲಿಲ್ಲ, ಇಡಲಿಲ್ಲ. ನಾಟಕದಲ್ಲಿ ಎಲ್ಲದಕ್ಕೂ ಅರ್ಥವಿರುವುದಿಲ್ಲ ಎಂದು ನಿನ್ನ ಹುಡುಗಿಗೆ ಹೇಳು.

ಪುಟ್ಟಿ


ಅಕ್ಟೋಬರ್ ೮

ಪುಟ್ಟಿ,

ನಾನು ಅವಳಿಗೆ ಏನೂ ಹೇಳಿಕೊಟ್ಟಿಲ್ಲ. ನೀನು ನಂಬುವುದಿಲ್ಲ, ಗೊತ್ತು.

ಸೆರಗು ನನ್ನದೇ. ಇನ್ನು ತೊಂದರೆ ಕೊಡುವುದಿಲ್ಲ.

ಅಕ್ಕ


ಏಪ್ರಿಲ್ ೨೨

ಪುಟ್ಟಿ,

ತೊಂದರೆ ಕೊಡುವುದಿಲ್ಲ ಎಂದಿದ್ದೆ. ಮಾತು ಮುರಿಯುತ್ತಿದ್ದೇನೆ. ಇದು ನನ್ನ ವಿಷಯವಲ್ಲ, ಆದ್ದರಿಂದ ಕೊನೆಯವರೆಗೆ ಓದು.

ಯಾಕಮ್ಮನ ಫಲಿತಾಂಶ ಬಂದಿದೆ. ಭಾಷೆಯಲ್ಲಿ ಎಂಬತ್ತಾರು. ಬೇರೆ ಎಲ್ಲದರಲ್ಲೂ ತೊಂಬತ್ತರ ಮೇಲೆ. ದೊಡ್ಡ ಊರಿನ ಕಾಲೇಜಿನಲ್ಲಿ ಹಾಸ್ಟೆಲ್ ಸಮೇತ ಉಚಿತ ಸೀಟಿಗೆ ಎಲ್ಲ ವಿಷಯದಲ್ಲೂ ತೊಂಬತ್ತು ಬೇಕು. ನಮ್ಮ ಶಾಲೆಯಿಂದ ಈವರೆಗೆ ಯಾರೂ ಅಲ್ಲಿಗೆ ಹೋಗಿಲ್ಲ. ಇವಳು ಹೋಗುತ್ತಾಳೆ ಎಂದು ದೊಡ್ಡ ಮಿಸ್‌ನಿಂದ ಕಾವಲಿನವನವರೆಗೆ ಎಲ್ಲರೂ ನಂಬಿದ್ದೆವು.

ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದೆ. ಹತ್ತು ಅಂಕದ ಪ್ರಶ್ನೆ: ‘ಅಗುಳಿ ನಾಟಕದ ಆಶಯವನ್ನು ಪದಗಳ ಆಧಾರದಿಂದ ವಿವರಿಸಿ.’ ಅವಳು ಮೂರು ಪುಟ ಬರೆದಿದ್ದಾಳೆ. ತಾಯಿಯ ಒಂಬತ್ತು ಸಾಲುಗಳನ್ನು ಒಂದೊಂದಾಗಿ ಬಿಡಿಸಿ, ತಾಯಿಯೇ ಮುಚ್ಚಿಸಿಕೊಂಡ ಬಾಗಿಲಿನ ಕಥೆ ಇದು ಎಂದು ಬರೆದಿದ್ದಾಳೆ. ಇಪ್ಪತ್ತಾರು ವರ್ಷದಿಂದ ಪತ್ರಿಕೆ ತಿದ್ದುತ್ತಿದ್ದೇನೆ, ಇಂಥ ಉತ್ತರ ನೋಡಿಲ್ಲ. ಹತ್ತಕ್ಕೆ ಒಂದು ಕೊಟ್ಟಿದ್ದಾರೆ. ಅದೂ ಅಕ್ಷರ ಚೆನ್ನಾಗಿದ್ದುದಕ್ಕೆ ಇರಬೇಕು.

ಮರುಪರಿಶೀಲನೆಗೆ ಬರೆದೆವು. ಪರೀಕ್ಷಾ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂತು: ‘ಮೂಲ ಲೇಖಕರು ಸೂಚಿಸಿದ ಆಶಯಕ್ಕೆ ಹೊಂದುವುದಿಲ್ಲ.’ ನಾನೇ ಹೋದೆ. ಮೂರು ಮೇಜು ದಾಟಿಸಿದರು. ನಾಲ್ಕನೆಯ ಮೇಜಿನವರು ಪಾಪ ಒಳ್ಳೆಯವರು. “ಮೇಡಂ, ಉತ್ತರ ನನಗೂ ಇಷ್ಟ ಆಯ್ತು. ಆದ್ರೆ ಬರೆದೋರೇ ಅಸೂಯೆ ಅಂತ ಹೇಳಿದ್ಮೇಲೆ ನಾವ್ಯಾರು? ಅವರಿಂದ ಒಂದು ಚೀಟಿ ತನ್ನಿ, ಹೀಗೂ ಓದಬಹುದು ಅಂತ. ಅಷ್ಟಿದ್ರೆ ಸಾಕು” ಎಂದರು. ಸೀಟಿನ ಪಟ್ಟಿ ಮೇ ಹತ್ತಕ್ಕೆ ಮುಚ್ಚುತ್ತದೆ.

ಒಂದು ಚೀಟಿ, ಪುಟ್ಟಿ. ‘ಹೀಗೂ ಓದಬಹುದು.’ ಎರಡು ಪದ. ಇದೇ ಸರಿ ಎಂದು ಬರೆಯಬೇಡ. ನನ್ನ ಬಗ್ಗೆ ಏನೂ ಬರೆಯಬೇಡ. ನಾಟಕದ ಅಕ್ಕ ಹೇಗಿದ್ದಾಳೋ ಹಾಗೇ ಇರಲಿ, ಇನ್ನೂರು ಪ್ರದರ್ಶನ ಇನ್ನೂ ಆಡು, ನನಗೆ ಬೇಸರವಿಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನೀನು ಸೆಪ್ಟೆಂಬರಿನಲ್ಲಿ ಬರೆದದ್ದು ಪೂರ್ತಿ ಸುಳ್ಳಲ್ಲ. ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅದು ನಿಜ. ಆದರೆ ಪರೀಕ್ಷೆಯ ಹಿಂದಿನ ವಾರ ಅವಳು ಬಂದು ಕೇಳಿದಳು: “ಮಿಸ್, ಪರೀಕ್ಷೇಲಿ ಯಾವುದು ಬರೀಲಿ? ಕೈಪಿಡೀಲಿ ಇರೋದೋ, ನನಗೆ ಕಂಡಿದ್ದೋ?” ಕೈಪಿಡಿಯಲ್ಲಿ ಇರುವುದನ್ನು ಬರಿ ಎಂದು ಯಾವ ಶಿಕ್ಷಕಿಯಾದರೂ ಹೇಳುತ್ತಿದ್ದಳು. ಬೇರೆ ಪಾಠವಾಗಿದ್ದರೆ ನಾನೂ ಹೇಳುತ್ತಿದ್ದೆ. “ನಿನಗೆ ಕಂಡಿದ್ದನ್ನೇ ಬರಿ” ಎಂದೆ. ಹೇಳುವಾಗ ಅದು ಅವಳ ಒಳ್ಳೆಯದಕ್ಕೆ ಎಂದುಕೊಂಡಿದ್ದೆ. ಎಲ್ಲೋ ಒಂದು ಕಡೆ, ಒಂದು ಕಾಗದದ ಮೇಲೆ, ಯಾರಾದರೂ ಒಬ್ಬರು ಆ ಅಕ್ಕನ ಪರ ಬರೆಯಲಿ ಎಂದು ನನ್ನ ಜೀವ ಹಂಬಲಿಸುತ್ತಿತ್ತು. ಅದಕ್ಕೆ ಆ ಮಗು ಬೆಲೆ ತೆರುತ್ತಿದೆ.

ನಿನಗೆ ಕೈ ಮುಗಿಯುತ್ತೇನೆ. ನಿನಗೆ ನನ್ನ ಕೈ ಹೇಗಿರುತ್ತದೆ ಎಂದೂ ಈಗ ಮರೆತಿರಬಹುದು. ಆದರೂ.

ಅಕ್ಕ


ಮೇ ೨೧

ಅಕ್ಕ,

ಈ ಕಾಗದದ ಜೊತೆ ಪರೀಕ್ಷಾ ಕಚೇರಿಗೆ ಬರೆದದ್ದನ್ನು ಇಟ್ಟಿದ್ದೇನೆ. ನನ್ನ ಸಹಿ, ಕಂಪನಿಯ ಮೊಹರು ಎರಡೂ ಇವೆ. ತಡವಾಗಿದೆ ಎಂದು ಗೊತ್ತು. ಅಂಚೆಯ ಮೇಲೆ, ಪ್ರವಾಸದ ಮೇಲೆ ಹಾಕಬಹುದಿತ್ತು. ನಿನ್ನ ಕಾಗದ ಏಪ್ರಿಲ್ ಇಪ್ಪತ್ತಾರಕ್ಕೇ ನನ್ನ ಕೈ ಸೇರಿತ್ತು. ಅಂದಿನಿಂದ ನನ್ನ ಚೀಲದಲ್ಲಿತ್ತು. ಮೂರು ಊರು ನನ್ನ ಜೊತೆ ಸುತ್ತಿತು. ಮೇ ಹತ್ತರ ಸಂಜೆ ಪ್ರದರ್ಶನವಿತ್ತು. ಪರದೆಯ ಪಕ್ಕದಲ್ಲಿ ನಿಂತು, ಇವತ್ತಿಗೆ ಮುಗಿಯಿತು, ಇನ್ನು ಬರೆಯಬೇಕಾದ್ದಿಲ್ಲ ಎಂದುಕೊಂಡೆ. ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಆ ಎರಡು ಪದ ಬರೆಯಲು ಯಾಕೆ ಆಗಲಿಲ್ಲ ಎಂದು ಹೇಳುತ್ತೇನೆ. ಒಂದೇ ಸಲ ಹೇಳುತ್ತೇನೆ.

ಅಂದು ಮೆಟ್ಟಿಲ ಮೇಲೆ ನಾನು ಎರಡನೇ ಗಂಟೆಯ ಹೊತ್ತಿಗೆ ಕೂಗುವುದನ್ನು ನಿಲ್ಲಿಸಿದ್ದೆ. ಗಂಟಲು ಕಟ್ಟಿತ್ತು. ಆಗ ಒಳಗಿನಿಂದ ಮಾತು ಕೇಳಿಸಿತು. ಮೊದಲು ಯಾರೋ ಗಂಡಸು ಅಂದುಕೊಂಡೆ. ಅಷ್ಟು ಒಡೆದು ಹೋದ ದನಿ. ವೈದ್ಯರು ಬಂದಿರಬೇಕು, ಅದಕ್ಕೆ ತೆಗೆಯುತ್ತಿಲ್ಲ ಎಂದು ಕಿಟಕಿಯ ಹತ್ತಿರ ಹೋದೆ. “ತೆಗಿಬೇಡ” ಎಂದಿತು ಆ ದನಿ. “ಅವಳು ಹೋಗ್ಲಿ. ತೆಗಿಬೇಡ.” ಕೊನೆಯ ಅಕ್ಷರವನ್ನು ಎಳೆಯುವ ರೀತಿಯಿಂದ ಗೊತ್ತಾಯಿತು. ಹೊಲಿಗೆಯ ಯಂತ್ರ ತುಳಿಯುತ್ತ ನನಗೆ ಹಾಡು ಹೇಳಿಕೊಡುವಾಗ ಅಮ್ಮ ಹಾಗೇ ಎಳೆಯುತ್ತಿದ್ದಳು.

ಅದಾದ ಮೇಲೂ ಎರಡು ಗಂಟೆ ನಿಂತಿದ್ದೆ. ನೀನು ಪರದೆಯ ಸಂದಿಯಿಂದ ನೋಡಿದಾಗ ನಾನು ಆಗಲೇ ಎಲ್ಲ ಕೇಳಿಸಿಕೊಂಡಿದ್ದವಳು.

ಅಮ್ಮ ನನ್ನನ್ನು ಬೇಡ ಎಂದಳು ಎಂದು ಬರೆಯಲು ನನ್ನಿಂದ ಆಗಲಿಲ್ಲ ಅಕ್ಕ. ನೀನು ಬೇಡ ಎಂದೆ ಎಂದು ಬರೆಯುವುದು ಸುಲಭವಿತ್ತು. ನಿನ್ನ ಮೇಲೆ ಕೋಪ ಮಾಡಿಕೊಂಡು ಬದುಕಬಹುದಿತ್ತು, ಬದುಕಿದೆ. ನಾಟಕ ಬರೆಯುವಾಗ ತಾಯಿಯ ಬಾಯಿಗೆ ‘ತೆರೆ’ ಎಂಬ ಪದ ಹಾಕಲು ಮೂರು ಸಲ ಕೂತೆ. ಹಾಕಿದ್ದರೆ ಕಥೆ ಇನ್ನೂ ಗಟ್ಟಿಯಾಗುತ್ತಿತ್ತು, ಜನ ಇನ್ನೂ ಅಳುತ್ತಿದ್ದರು. ಪೆನ್ನು ಓಡಲಿಲ್ಲ. ಅವಳು ಹೇಳದ ಮಾತನ್ನು ಅವಳ ಬಾಯಲ್ಲಿ ಇಡಲಾಗಲಿಲ್ಲ. ಇನ್ನೂರು ಪ್ರದರ್ಶನ ನೋಡಿದ ಸಾವಿರಾರು ಜನರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ನಿನ್ನ ಹುಡುಗಿ ಗಮನಿಸಿದಳು. ಅವಳನ್ನು ನೆನೆದರೆ ನನಗೆ ಭಯವಾಗುತ್ತದೆ.

ಆ ಚೀಟಿಯಿಂದ ಈಗಲೂ ಏನಾದರೂ ಆಗುತ್ತದೆಯೇ, ನೋಡು.

ಇನ್ನೊಂದು ಕೇಳಲೇ? ಅವಳು ಯಾಕೆ ಬೇಡ ಎಂದಳು? ನಾನು ಏನು ಮಾಡಿದ್ದೆ?

ಪುಟ್ಟಿ


ಜೂನ್ ೧೦

ಪುಟ್ಟಿ,

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಿನ್ನ ಚೀಟಿ ಹಿಡಿದು ಆ ನಾಲ್ಕನೆಯ ಮೇಜಿಗೆ ಹೋಗಿದ್ದೆ. ಅವರು ಎರಡು ಸಲ ಓದಿ ಮಡಿಸಿ ವಾಪಸ್ ಕೊಟ್ಟರು. “ಹದಿನೈದು ದಿನ ಮುಂಚೆ ತಂದಿದ್ರೆ” ಎಂದರು. ಸೀಟು ಇನ್ನೊಬ್ಬರಿಗೆ ಹೋಗಿದೆ.

ಅಲ್ಲಿಂದ ಆ ಹುಡುಗಿಯ ಹತ್ತಿರ ಹೋದೆ. ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಬಿಟ್ಟರು. ಹಬೆ ತುಂಬಿದ ಉದ್ದನೆಯ ಕೋಣೆ. ತಾಯಿ ಮಗಳು ಎದುರುಬದುರು ನಿಂತು ಹಾಸಿಗೆಯ ಬಟ್ಟೆ ಮಡಿಸುತ್ತಿದ್ದರು, ತುದಿಗೆ ತುದಿ ಕೂಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು. ಹುಡುಗಿ ಕೈ ಒರೆಸಿಕೊಂಡು ನಿನ್ನ ಚೀಟಿ ಓದಿದಳು.

“ಅವ್ರಿಗೆ ಮೊದ್ಲೇ ಗೊತ್ತಿತ್ತಾ ಮಿಸ್, ಹೀಗೂ ಓದಬಹುದು ಅಂತ?”

“ಗೊತ್ತಿತ್ತು.”

“ನಿಮಗೆ?”

ನಾನು ಅವಳ ಕೈಯಲ್ಲಿದ್ದ ಚೀಟಿಯ ಮೊಹರನ್ನೇ ನೋಡಿದೆ. ಅವಳು ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಆ ಹುಡುಗಿಯಿಂದ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಯಾಕೆ ಎಂದು ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ ಮಿಸ್” ಎಂದು ಬಟ್ಟೆಯ ತುದಿ ಹಿಡಿದುಕೊಂಡಳು. ಅವಳ ತಾಯಿ ನನಗೆ ಕುರ್ಚಿ ಎಳೆದು ಹಾಕಿದಳು, “ಕೂತ್ಕೊಳಿ ಮಿಸ್, ಕಾಲು ನೋವು ಅಂತಿದ್ಲು ಇವಳು” ಎಂದಳು. ಕೂರಲಾಗಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ನೀನು ಏನೂ ಮಾಡಿರಲಿಲ್ಲ. ದವಡೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಅಮ್ಮನ ಮುಖದ ಅರ್ಧ ಇರಲಿಲ್ಲ. ಕನ್ನಡಿಗಳನ್ನೆಲ್ಲ ತೆಗೆಸಿದ್ದಳು. ನಿನ್ನ ಕಣ್ಣಲ್ಲಿ ತಾನು ಮೊದಲಿನ ಹಾಗೇ ಉಳಿಯಬೇಕು ಎಂಬ ಹಟ. ನನ್ನ ಕಣ್ಣಲ್ಲಿ ಹೇಗಿದ್ದರೂ ನಡೆಯುತ್ತಿತ್ತು. “ಅವಳು ಬಂದ್ರೆ ತೆಗಿಬೇಡ. ನಾನು ಹೇಳ್ದೆ ಅಂತಾನೂ ಹೇಳ್ಬೇಡ. ನೀನೇ ಅಂತಿರ್ಲಿ. ನಿನ್ನ ಮೇಲಾದ್ರೆ ಕೋಪ ತಡ್ಕೋತಾಳೆ, ನನ್ನ ಮೇಲಾದ್ರೆ ಹಾಡೋದೇ ಬಿಟ್ಬಿಡ್ತಾಳೆ” ಎಂದಳು. ನಾನು ಆಣೆ ಇಟ್ಟೆ. ಒಬ್ಬ ಮಗಳನ್ನು ಉಳಿಸಲು ಇನ್ನೊಬ್ಬಳನ್ನು ಖರ್ಚು ಮಾಡಿದಳು. ಅವಳ ಮೇಲೆ ನನಗೂ ಸಿಟ್ಟಿದೆ, ನಿನಗಿಂತ ಹೆಚ್ಚೇ ಇರಬಹುದು. ನಾನು ಅದರಿಂದ ಹಾಡು ಮಾಡಲಿಲ್ಲ, ಅಷ್ಟೇ.

ಆ ಆಣೆಗಾಗಿ ಏಳು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ನಿನಗೆ ಗೊತ್ತಾದರೆ ಸತ್ತೇ ಹೋಗುತ್ತೀಯ ಎಂದುಕೊಂಡಿದ್ದೆ. ನಿನಗೆ ಮೊದಲ ದಿನದಿಂದಲೂ ಗೊತ್ತಿತ್ತು. ನನ್ನ ಏಳು ವರ್ಷ ಯಾರಿಗಾಗಿ ಹೋಯಿತು ಎಂದು ಲೆಕ್ಕ ಹಾಕಲು ಹೋದರೆ ತಲೆ ಗಿರ್ ಎನ್ನುತ್ತದೆ.

ಇದನ್ನೂ ಹೇಳಿಬಿಡುತ್ತೇನೆ. ಅಂದು ಅಗುಳಿ ಹಾಕುವಾಗ ನನಗೆ ಸಂಕಟವಾಯಿತು, ನಿಜ. ಜೊತೆಗೇ ಒಂದು ಚೂರು ಸಮಾಧಾನವೂ ಆಯಿತು. ಕೊನೆಗೂ ಅವಳು ನನ್ನೊಬ್ಬಳ ಪಾಲಿಗೆ ಉಳಿದಳಲ್ಲ ಎಂದು. ನಿನ್ನ ಆ ಹಾಡಿನ ಸಾಲು ಅದಕ್ಕೇ ನನ್ನನ್ನು ಅಷ್ಟು ಚುಚ್ಚಿದ್ದು. ಹಾಗಾಗಿ ಕೈಪಿಡಿ ಪೂರ್ತಿ ಸುಳ್ಳು ಹೇಳುತ್ತಿಲ್ಲ.

ಶಾಲೆ ತೆರೆದಿದೆ. ನಾಟಕ ಈ ವರ್ಷವೂ ಪಠ್ಯದಲ್ಲಿದೆ. ಈ ಸಲ ಮೂವತ್ತೊಂಬತ್ತು ಹುಡುಗಿಯರು. ಇವತ್ತು ಬೆಳಿಗ್ಗೆ ಮೊದಲ ಪಾಠದಲ್ಲೇ, ಓದಿಸುವ ಮುಂಚೆಯೇ, ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ‘ನಾಟಕದ ಆಶಯ: ಅಕ್ಕನ ಅಸೂಯೆ.’ ಪರೀಕ್ಷೆಯಲ್ಲಿ ಇದನ್ನು ಬಿಟ್ಟು ಬೇರೆ ಏನನ್ನೂ ಬರೆಯಬೇಡಿ ಎಂದು ಎರಡು ಸಲ ಹೇಳಿದೆ. ತಲೆ ಬಗ್ಗಿಸಿ ಎಲ್ಲರೂ ಬರೆದುಕೊಂಡರು. ಒಂದು ಕಾಗುಣಿತವೂ ತಪ್ಪಿರಲಿಲ್ಲ.

ಅಕ್ಕ